ಪ್ರಸ್ಥಾನಕ್ಕೆ ಇಟ್ಟ ಗಂಟು

ನಾನು ಕುಮಾರಪರ್ವತ ಹತ್ತಿದವನಲ್ಲ. ಆದರೆ ಹತ್ತಲು ಹೊರಟವನು ಹೌದು. ಅದೂ ಪಂಚಾಂಗ ಒಪ್ಪುವ ಹಾಗೆ ಹೊರಟವನು. ನಗಬೇಡಿ, ಹೇಳುತ್ತೇನೆ.

ಯೋಜನೆ ನನ್ನ ಹೆಂಡತಿಯ ಅಣ್ಣನದ್ದು. ಅವರು ನನಗೆ ಭಾವ, ನಾನು ಅವರಿಗೆ ಭಾವ. ಐವರ್ನಾಡಿನ ನಮ್ಮ ಜಗಲಿಯಲ್ಲಿ ಕೂತು, ವೀಳ್ಯದೆಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ನೆಲದ ಮೇಲೆ ಗೆರೆ ಎಳೆದು ಭಾವ ದಾರಿ ತೋರಿಸುತ್ತಿದ್ದರು. ಸುಬ್ರಹ್ಮಣ್ಯದಲ್ಲಿ ಕಾಡು ಹೊಕ್ಕು ಪರ್ವತ ಏರುವುದು, ಆಚೆ ಕೊಡಗಿಗೆ ಇಳಿಯುವುದು, ಮಡಿಕೇರಿ ಸುತ್ತಿ ಘಟ್ಟ ಇಳಿದು ಕಲ್ಲುಗುಂಡಿಗೆ ಬರುವುದು. ಎಲ್ಲವೂ ನಡೆದೇ.

"ಮಡಿಕೇರಿಗೆ ಬಸ್ಸು ಉಂಟಲ್ಲ ಭಾವ?" ಎಂದರೆ ಅವರಿಗೆ ಸಿಟ್ಟು.

"ಬಸ್ಸಿನಲ್ಲಿ ಎಂತ ಕಾಣ್ತದೆ? ಮುಂದೆ ಕೂತವನ ಮಂಡೆ!"

ಶಿಖರದಲ್ಲಿ ನಿಂತರೆ ಪಡುವಣದ ಕಡಲು ಕಾಣುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಅದನ್ನು ನೋಡಬೇಕು, ಅದೂ ಬೇಗ. ಏಕೆಂದರೆ ಭಾವನ ಕಣ್ಣು ಮಂಜಾಗುತ್ತಿತ್ತು. ಪೊರೆಯಲ್ಲ, ನರದ ದೋಷ, ಗುಣವಾಗುವಂಥದ್ದಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿಯಾಗಿತ್ತು.

ಬೇಗ ಎಂದರೆ ಯಾವಾಗ? ನಮ್ಮ ಬೆಟ್ಟಗಳಿಗೆ ಹೋಗಲು ಸರಿಯಾದ ಕಾಲವೇ ಇಲ್ಲವೆಂದು ತಿಳಿದದ್ದು ಯೋಜನೆ ಹಾಕಲು ಕೂತ ಮೇಲೆ. ಮಳೆಗಾಲದಲ್ಲಿ ಜಿಗಣೆ. ಮಳೆ ಬಿಟ್ಟರೆ ಆನೆ. ಆನೆ ಸರಿದರೆ ಕೊಯ್ಲು. ಕೊಯ್ಲು ಮುಗಿದರೆ ತೊರೆಯಲ್ಲಿ ನೀರಿಲ್ಲ. ನೀರು ಬಂತೆನ್ನುವಾಗ ಮತ್ತೆ ಜಿಗಣೆ.

ಕೊನೆಗೊಂದು ವರ್ಷ ಜೋಯಿಸರಲ್ಲಿ ಕೇಳಿ ದಿನ ಗೊತ್ತು ಮಾಡಿದೆವು. ಅದೇ ದಿನ ನನ್ನ ಹೆಂಡತಿಗೆ ಚಳಿಜ್ವರ. ಮುಹೂರ್ತ ತಪ್ಪಬಾರದಲ್ಲ? ಅದಕ್ಕೂ ಹಿಂದಿನವರು ಉಪಾಯ ಮಾಡಿಟ್ಟಿದ್ದಾರೆ. ಅದರ ಹೆಸರು ಪ್ರಸ್ಥಾನ. ಹೊರಡಲಾಗದವನು ಒಳ್ಳೆಯ ಗಳಿಗೆಯಲ್ಲಿ ತನ್ನ ಗಂಟನ್ನು ಹೋಗುವ ದಿಕ್ಕಿನ ಇನ್ನೊಂದು ಮನೆಯಲ್ಲಿ ಇಟ್ಟು ಬಂದರೆ ಹೊರಟ ಲೆಕ್ಕ. ಕಾಲುಗಳು ಆಮೇಲೆ ನಿಧಾನವಾಗಿ ಹಿಂಬಾಲಿಸಬಹುದು. ದಂಡೆತ್ತಿ ಹೋಗುವ ರಾಜರೂ ಹೀಗೆ ಮಾಡುತ್ತಿದ್ದರಂತೆ. ನಾವೂ ಕಂಬಳಿ, ತಂಬಿಗೆ, ಅವಲಕ್ಕಿ, ಜಿಗಣೆಗೆಂದು ಹೊಗೆಸೊಪ್ಪು ಎಲ್ಲ ಕಟ್ಟಿ ನೆರೆಯ ಮೂಡಲ ಮನೆಯ ಅಕ್ಕನ ಅಟ್ಟದಲ್ಲಿ ಇಟ್ಟು ಬಂದೆವು. ಇಡೀ ಯಾತ್ರೆಯಲ್ಲಿ ನಾವು ಹತ್ತಿದ್ದು ಆ ಅಟ್ಟದ ಏಣಿಯನ್ನು ಮಾತ್ರ.

ಹೊರಟಾಗಿದೆ ಎಂಬ ನೆಮ್ಮದಿಯಷ್ಟು ಕೆಟ್ಟದ್ದು ಬೇರೆ ಇಲ್ಲ. ಜ್ವರ ಬಿಟ್ಟಿತು, ಮಳೆ ಹಿಡಿಯಿತು. ಕೇಳಿದವರಿಗೆಲ್ಲ "ಗಂಟು ಹೋಗಿ ಆಗಿದೆ" ಎನ್ನುತ್ತಿದ್ದೆವು. ಒಮ್ಮೆ ಅಕ್ಕ ಬೇಲಿಯಾಚೆಯಿಂದ ಕೂಗಿದರು, "ನಿಮ್ಮ ಅವಲಕ್ಕಿಗೆ ಹುಳ ಬಿತ್ತು ಮಾರಾಯ್ರೆ, ದನಕ್ಕೆ ಹಾಕಿದೆ. ನೀವು ಹೋಗುದು ಯಾವಾಗ?"

ನಾವು ಹೊಟ್ಟೆ ತುಂಬ ನಕ್ಕೆವು. ಈಗ ನೆನೆದರೆ ಸಂಕಟವಾಗುತ್ತದೆ. ಆ ವರ್ಷ ಭಾವನಿಗೆ ಎದುರು ಗುಡ್ಡದ ಮರಗಳು ಕಾಣುತ್ತಿದ್ದವು. ಮರುವರ್ಷ ಗುಡ್ಡ ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ.

ಮೊನ್ನೆ ಅಟ್ಟ ಗುಡಿಸುತ್ತಿದ್ದ ಅಕ್ಕ ಗಂಟನ್ನು ಕೊಂಡುಹೋಗಲು ಹೇಳಿದರು. ತಂದು ಜಗಲಿಯಲ್ಲಿಟ್ಟೆ. ಭಾವ ಕೈಯಾಡಿಸಿ ಕಂಬಳಿಯ ಗುರುತು ಹಿಡಿದರು. ಮುಖ ಸಣ್ಣದಾಯಿತು.

"ಇದನ್ನು ಯಾಕೆ ತಂದಿರಿ ಭಾವ? ತಂದರೆ ನಾವು ವಾಪಸು ಬಂದ ಹಾಗೆ ಆಗ್ತದಲ್ಲ!"

ಗಂಟನ್ನು ಹೆಗಲಿಗೇರಿಸಿದೆ. ಇನ್ನೊಂದು ಹೆಗಲ ಮೇಲೆ ಭಾವ ಕೈಯಿಟ್ಟರು. ಇಬ್ಬರೂ ಮತ್ತೆ ಮೂಡಲ ಮನೆಯ ಕಡೆ ನಡೆದೆವು. ಆ ಮನೆಯ ಮುಂದೆ ಸಣ್ಣದೊಂದು ಏರು ಉಂಟು. ಅದರ ನಡುವೆ ಭಾವ ನಿಂತು, ಏದುಸಿರು ಬಿಡುತ್ತ ಪಡುವಣಕ್ಕೆ ಮುಖ ತಿರುಗಿಸಿದರು.

"ಕಡಲು ಕಾಣ್ತದಾ ಭಾವ?"

"ಇಲ್ಲ ಭಾವ," ಎಂದೆ, "ಇನ್ನೂ ಸ್ವಲ್ಪ ಹತ್ತಬೇಕು."