ಮೈಕಿನಲ್ಲಿ ಕೇಳಿದ ನಗು

ಅಂದು ಕಣದಲ್ಲಿ ಕಾಫಿ ಹರವಿದೆ, ಬೆಂಡೆ ಗಿಡಗಳಿಗೆ ನೀರು ಬಿಟ್ಟೆ, ರವಿಕೆಗೆ ಗುಂಡಿ ಹೊಲಿದೆ. ಸಂಜೆ ಪಕ್ಕದ ಮನೆಯ ಅಣ್ಣ ಪಾಸ್‌ಪೋರ್ಟ್ ಹಿಡಿದು ಬಂದರು. ನಾಪೋಕ್ಲು ಕಡೆಯ ಹಾಕಿ ಪಂದ್ಯಗಳಿಗೆಲ್ಲ ಅವರದೇ ಕಾಮೆಂಟರಿ. ಮೈಕಿಲ್ಲದಾಗಲೂ ಮುಷ್ಟಿಯನ್ನು ಬಾಯಿಯ ಹತ್ತಿರ ಹಿಡಿದೇ ಮಾತಾಡುವರು, ನಮ್ಮ ಹಸು ಗೇಟು ದಾಟಿದರೂ "ಬಂತು ನೋಡಿ, ಬಂತು!" ಎನ್ನುವರು.

ಮಂತ್ರಿಯೊಬ್ಬರು ಭಾಷಣಕ್ಕೆಂದು ಪಂದ್ಯ ನಿಲ್ಲಿಸಿದಾಗ ಇವರು ಮೈಕಿನಲ್ಲಿ, "ಗ್ರೌಂಡಿಗೆ ಕಾಡುಹಂದಿ ನುಗ್ಗಿದೆ" ಎಂದುಬಿಟ್ಟಿದ್ದರು. ವಿಡಿಯೊ ಹರಡಿ ಕೇಸಾಯಿತು. ಜೈಲು ತಪ್ಪದು ಎಂದರು ವಕೀಲರು. ದುಬೈಯಲ್ಲಿರುವ ತಂಗಿ ಮರುದಿನದ ಟಿಕೆಟ್ ಕಳಿಸಿದ್ದಳು.

"ಹೋಗಿಬಿಡಿ ಅಣ್ಣ," ಎಂದೆ.

"ಹೋಗ್ಬಹುದು ಅಕ್ಕ. ಆದ್ರೆ ಮೈಕ್ ಸೆಟ್ಟಿನವನ ಮೇಲೂ ಕೇಸುಂಟಲ್ಲ. ಅವನಿಗೆಲ್ಲಿಯ ಪಾಸ್‌ಪೋರ್ಟು? ನಾನು ಹಾರಿದ್ರೆ ಅವನೊಬ್ಬನೇ ಸಿಗೋದು."

"ಅವ ಏನು ಮಾಡಿದ?"

"ನಗಾಡಿದ. ಅದೂ ಮೈಕಲ್ಲಿ ಕೇಳ್ತದೆ."

ಆಮೇಲೆ ತಂಗಿಗೆ ಫೋನ್ ಮಾಡಿ ಟಿಕೆಟ್ ಬೇಡವೆಂದರು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಪೊಲೀಸ್ ಸ್ಟೇಷನ್ನಿಗೆ ಹೋಗೋಣವೆಂದು ಮೈಕಿನವನಿಗೂ ಹೇಳಿದರು.

ಅವರ ಹೆಂಡತಿಯನ್ನೂ ಕರೆದು ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಕೋಳಿ ಸಾರು ಬಡಿಸಿದೆ. ಆಕೆ ಒಂದು ಉಂಡೆಯನ್ನು ಮುರಿದು ಹಾಗೆಯೇ ಕೂತಿದ್ದರು. ಅಣ್ಣ ಏಳು ಉಂಡೆ ತಿಂದು, ಜಗಲಿಯ ಬೆಂಚಿನ ಮೇಲೆ ಎಲ್ಲರಿಗಿಂತ ಮೊದಲು ನಿದ್ದೆಹೋದರು.