ಇನ್ನೊಂದು ತಿರುವು

ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನೆಲ ದೋಸೆ ಹಂಚಿನಷ್ಟು ಸಪಾಟು. ಆದರೂ ಅಲ್ಲಿನ ಅಣ್ಣಾಸಾಹೇಬ ಅಂಕಲ್ ಬೆಟ್ಟ ಹತ್ತುವುದನ್ನು ಬಿಟ್ಟವರಲ್ಲ. ಬೇಸಿಗೆ ಬಂತೆಂದರೆ ಬೆನ್ನಿಗೆ ಅಕ್ಕಿಚೀಲ ಕಟ್ಟಿಕೊಂಡು ಆಫೀಸಿನ ಬಹುಮಹಡಿ ಪಾರ್ಕಿಂಗ್‌ನ ಇಳಿಜಾರನ್ನೇ ಹತ್ತಿಳಿದು ತಾಲೀಮು ನಡೆಸುತ್ತಾರೆ. ಆಮೇಲೆ ನಮ್ಮಂಥ ನಾಲ್ಕಾರು ಕನ್ನಡದ ಮನೆಯವರನ್ನು ಹೊರಡಿಸಿಕೊಂಡು ಕೊಲರಾಡೊದ ಒಂದು ಬೆಟ್ಟದೂರಿಗೆ ಡ್ರೈವ್ ಮಾಡುತ್ತಾರೆ. ಆ ಊರಿನ ಸುತ್ತಲಿನ ಕಾಲುಹಾದಿಗಳೆಲ್ಲ ಅವರಿಗೆ ಸ್ವಂತ ಹಿತ್ತಿಲು. ಯಾವ ಬಂಡೆಯ ಮೇಲೆ ಕೂತರೆ ಬುತ್ತಿ ರುಚಿಸುತ್ತದೆ ಎಂಬುದೂ ಗೊತ್ತು. ಶಿಖರ ಎಷ್ಟೇ ದೂರವಿರಲಿ, "ಇನ್ನೊಂದ ತಿರುವು ಅಷ್ಟರೀ, ಬಂದ್ ಬಿಡ್ತು" ಎನ್ನುತ್ತಾರೆ. ಆ ಒಂದು ತಿರುವು ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಇಷ್ಟೆಲ್ಲ ತಾಲೀಮು ಮಾಡಿಯೂ ನಡೆಯುವುದು ಮಾತ್ರ ಎಲ್ಲರಿಗಿಂತ ಹಿಂದೆ, ಅದೂ ಮತ್ತೆ ಮತ್ತೆ "ತಡೀರೆಪ್ಪಾ, ಲೇಸ್ ಬಿಚ್ಚೇತಿ" ಎಂದು ಕೂತು. "ಅಂಕಲ್‌ಗೆ ನೆಟ್ಟಗೆ ಒಂದು ಗಂಟು ಹಾಕಕ್ಕೆ ಬರಲ್ಲ" ಎಂದು ಮುಂದಿದ್ದ ನಾವು ನಗುತ್ತಿದ್ದೆವು. ಈ ವರ್ಷ ಉಸಿರು ಸಾಲದೆ ಹಿಂದುಳಿದವನು ನಾನು. ನಿಲ್ಲೋಣವೇ ಎಂದು ಕೇಳಲು ನಾಚಿಕೆ. ಅಷ್ಟರಲ್ಲಿ ಅಂಕಲ್ "ತಡೀರೆಪ್ಪಾ, ಲೇಸ್ ಬಿಚ್ಚೇತಿ" ಎಂದು ಮಂಡಿಯೂರಿದರು. ಮೊಣಕಾಲಿಗೆ ಕೈಕೊಟ್ಟು ಬಗ್ಗಿ ಏದುಸಿರು ಬಿಡುತ್ತಿದ್ದ ನನಗೆ ಅವರ ಬೂಟು ಮೊದಲ ಸಲ ಹತ್ತಿರದಿಂದ ಕಂಡಿತು. ಅದಕ್ಕಿದ್ದದ್ದು ಅಂಟಿಸುವ ಪಟ್ಟಿ. ನನ್ನ ಉಸಿರು ಹತೋಟಿಗೆ ಬರುವವರೆಗೂ ಅಂಕಲ್ ಆ ಇಲ್ಲದ ಲೇಸನ್ನು ಕಟ್ಟುತ್ತಲೇ ಇದ್ದರು.