ಬೀಸುಕಲ್ಲಿಗೆ ಹಲ್ಲು ಕೊಡುವ ಉಳಿಯಕ್ಕ

ಒಂದು ಊರಂತೆ. ಅಲ್ಲಿ ಮನೆಮನೆಯಲ್ಲೂ ಕಾಳಿನ ಮೂಟೆ ಇತ್ತಂತೆ, ಆದರೂ ಊರಿಗೆ ಊರೇ ಹಸಿದು ಕೂತಿತ್ತಂತೆ. ನನ್ನ ಅಜ್ಜಿ ಹೀಗೆ ಕಥೆ ಶುರುಮಾಡಿದ್ದರೆ, ಯಾವುದೋ ರಾಕ್ಷಸನ ಶಾಪವೆಂದುಕೊಂಡು ಹೊದಿಕೆ ಎಳೆದುಕೊಳ್ಳುತ್ತಿದ್ದೆ. ಈಗ ಬೆಳಕು ಹರಿಯುವ ಹೊತ್ತಿನಲ್ಲಿ ಅದೇ ಊರಿನ ಓಣಿಯಲ್ಲಿ ನಿಂತಿದ್ದೇನೆ. ಟಕ್, ಟಕ್ ಎಂಬ ಸದ್ದು. ಮನೆಯೊಂದರ ಹೊಸ್ತಿಲ ಬಳಿ ಕಾಲು ಚಾಚಿ ಕೂತ ಹೆಂಗಸೊಬ್ಬಳು ಬೀಸುಕಲ್ಲಿನ ಮೈಗೆ ಉಳಿಯಿಟ್ಟು ಕುಟ್ಟುತ್ತಿದ್ದಾಳೆ. ಓಣಿಯವರಿಗೆ ಈಕೆ ಉಳಿಯಕ್ಕ.

ಶಾಪವೇನೂ ಇಲ್ಲ. ಹಡಗಿನಲ್ಲಿ ಬಂದ ನೆರವಿನ ಕಾಳು ಇಡಿಯಾಗಿದೆ, ಬಲು ಗಟ್ಟಿ. ಗಿರಣಿಗೆ ಡೀಸೆಲ್ ಇಲ್ಲ. ಅಟ್ಟದಿಂದ ಇಳಿಸಿದ ಬೀಸುಕಲ್ಲುಗಳೋ ಸವೆದು ನುಣುಪಾಗಿವೆ. ಕಾಳು ಜಾರುತ್ತದೆ, ಒಡೆಯುವುದಿಲ್ಲ. ಉಳಿಯಿಂದ ಕುಟ್ಟಿ ಮೈ ಒರಟು ಮಾಡಬೇಕು, ಕಲ್ಲಿಗೆ ಹಲ್ಲು ಕೊಡುವುದೆಂದರೆ ಅದೇ. ಮೆತ್ತಗಾಗುವವರೆಗೆ ಬೇಯಿಸಲು ಸೌದೆಯಿಲ್ಲ. ಈ ಮನೆಯ ಒಂದೂವರೆ ವರ್ಷದ ಮಗು ಅರೆಬೆಂದ ಕಾಳನ್ನು ಉಗುಳುತ್ತದೆ, ಅಳುವುದಕ್ಕೂ ಅದಕ್ಕೀಗ ತ್ರಾಣವಿಲ್ಲ. "ನಾಳೆ ನಿನ್ನ ಕಲ್ಲೇ ಮೊದಲು" ಎಂದು ಉಳಿಯಕ್ಕ ನಿನ್ನೆ ಅದರ ತಾಯಿಗೆ ಮಾತು ಕೊಟ್ಟಿದ್ದಾಳೆ.

ಈ ಹಸಿವು ಬಂದದ್ದಾದರೂ ಎಲ್ಲಿಂದ? ಕೇಳುತ್ತೇನೆ.

"ಮಳೆ ಕೈಕೊಟ್ಟಿದ್ದು ಒಂದೇ ಬೆಳೆಗೆ ನೋಡಮ್ಮಾ. ಅಂಗಡೀಲಿ ಕಾಳಿತ್ತು, ಕಣ್ಣಾರೆ ಕಂಡಿದ್ದೀನಿ. ಕೆಲಸಾನೇ ಇಲ್ಲ ಅಂದ್ಮೇಲೆ ಕೂಲಿ ಎಲ್ಲಿ? ಅಷ್ಟರಲ್ಲಿ ಗಡಿ ಹತ್ರ ಗುಂಡು ಹಾರಿ ರಸ್ತೆ ಮುಚ್ಚಿದ್ರು, ಬೆಲೆ ಆಕಾಶಕ್ಕೇರ್ತು. ಜನ ಆಡು ಮಾರಿದ್ರು, ಪಾತ್ರೆ ಮಾರಿದ್ರು. ಎಲ್ರೂ ಮಾರೋಕೆ ನಿಂತ್ರೆ ಕೊಳ್ಳೋರ್ಯಾರು? ಬೀಸುಕಲ್ಲು ಮಾತ್ರ ಯಾರಿಗೂ ಬೇಡವಾಯ್ತು. ಅದಕ್ಕೇ ಉಳ್ಕೊಂಡಿದೆ!"

ನೆರವು?

"ಬರದೇ ಇದ್ದಿದ್ರೆ ನಾವೂ ಇರ್ತಿರ್ಲಿಲ್ಲ, ಸುಳ್ಯಾಕೆ ಹೇಳ್ಲಿ? ಸ್ವಲ್ಪ ಬೇಗ ಬರ್ಬೇಕಿತ್ತು. ಹಿಟ್ಟಾಗಿ ಬಂದಿದ್ರೆ ನನ್ನ ಸೊಂಟಾನೂ ಉಳೀತಿತ್ತು."

"ಹಿಟ್ಟು ಬಂದಿದ್ರೆ ನಿನ್ನ ಯಾರೇ ಮಾತಾಡಿಸ್ತಿದ್ರು?" ಒಳಗಿನಿಂದ ಮಗುವಿನ ಅಜ್ಜಿಯ ಕುಟುಕು. "ಪೇಪರ್‌ನವರು ಬೇರೆ ಬಂದಿದ್ದಾರೆ, ಇನ್ನು ಇವಳನ್ನ ಹಿಡಿಯೋರಿಲ್ಲ!"

ಉಳಿಯಕ್ಕನಿಗೆ ಕೆಲಸ ಕಲಿಸಿದ್ದು ಅಪ್ಪ. ಗಿರಣಿ ಬಂದ ಮೇಲೆ ಉಳಿ ಮೂಲೆ ಸೇರಿತು. ಆಕೆ ಜಲ್ಲಿ ಒಡೆದು ಮಕ್ಕಳನ್ನು ಸಾಕಿದಳು. ಈಗ ದಿನಕ್ಕೆ ನಾಲ್ಕು ಕಲ್ಲು. ಐದನೆಯದಕ್ಕೆ ಏಟು ತಪ್ಪುತ್ತದೆ.

ಕುಟ್ಟುವುದು ಮುಗಿಯುತ್ತದೆ. ತಾಯಿ ಒಂದು ಹಿಡಿ ಕಾಳು ತಂದು ಬಾಗುತ್ತಾಳೆ.

"ತಡಿಯೇ! ಮೊದಲ ಬೀಸಿಗೆ ಕಲ್ಲಿನ ಪುಡಿ ಬರುತ್ತೆ. ಅದನ್ನ ಚೆಲ್ಲಬೇಕು. ಆಚೆ ಬೀದಿಯವರು ಮನಸ್ಸು ಬರದೆ ಅದನ್ನೇ ತಿಂದು, ಹೊಟ್ಟೆ ಹಿಡ್ಕೊಂಡು ಬಿದ್ದಿದ್ರು."

"ಇದನ್ನ ಚೆಲ್ಲೋದಾ ಅಕ್ಕಾ?" ತಾಯಿಯ ಮುಷ್ಟಿ ಬಿಗಿಯುತ್ತದೆ.

ಉಳಿಯಕ್ಕ ಚೀಲದಿಂದ ಒಣ ಹೊಟ್ಟು ತೆಗೆಯುತ್ತಾಳೆ. ಮೂಟೆ ಇಳಿಸುವ ಗೋದಾಮಿನಲ್ಲಿ ಗುಡಿಸಿ ತಂದದ್ದು. ಅದನ್ನೇ ಸುರಿದು ಬೀಸುತ್ತಾಳೆ. ಬೂದುಬಣ್ಣದ ಪುಡಿ ಬೀಳುತ್ತದೆ. ಒರೆಸಿ, ಮತ್ತೆ ಬೀಸಿ, ಚಿಟಿಕೆ ನಾಲಿಗೆಗಿಟ್ಟು ಉಗುಳುತ್ತಾಳೆ. ಮೂರನೆಯ ಸಲ ಹಲ್ಲಿಗೆ ಮರಳು ಸಿಗುವುದಿಲ್ಲ.

"ಈಗ ಹಾಕು."

ಕಲ್ಲು ಗುಡುಗುಡು ಎನ್ನುತ್ತದೆ. ಅಂಚಿನ ಸುತ್ತ ಹಿಟ್ಟು ಉದುರುತ್ತದೆ. ಮಗುವಿನ ಅಜ್ಜಿ ಒಲೆ ಹೊತ್ತಿಸುತ್ತಾಳೆ. ತೆಳ್ಳನೆಯ ಗಂಜಿಯನ್ನು ತಾಯಿ ಊದಿ ಊದಿ ಆರಿಸುತ್ತಾಳೆ. ಮೊದಲ ಚಮಚವನ್ನು ಮಗು ಬಾಯಲ್ಲೇ ಇಟ್ಟುಕೊಳ್ಳುತ್ತದೆ, ಯೋಚಿಸುವಂತೆ. ಆಮೇಲೆ ನುಂಗಿ, ಬಾಯಿ ತೆರೆಯುತ್ತದೆ.